ಉಬ್ಬಸ ಮತ್ತೆ ಕೆರಳುವುದೇ? ಮೊದಲೇ ತಿಳಿಯುವ ಬಗೆ

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ, ಬಹಳ ಕಾಲದಿಂದ ಉಬ್ಬಸವಿದೆ. ಕಳೆದ ಜುಲೈಯಲ್ಲಿ ಶೀತವಾಗಿ ಎರಡೇ ದಿನದಲ್ಲಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಆರಾಮವಾಗಿದ್ದೇನೆಂದು ದಿನನಿತ್ಯದ ಇನ್‌ಹೇಲರ್ ಬಿಟ್ಟು, ಕಷ್ಟವಾದಾಗ ಮಾತ್ರ ನೀಲಿ ಇನ್‌ಹೇಲರ್ ಎಳೆದುಕೊಳ್ಳುತ್ತಾರೆ. ಮಳೆಗಾಲ ಹತ್ತಿರ ಬಂತು. ಮತ್ತೆ ಹಾಗಾಗುವುದೇ ಎಂದು ಮೊದಲೇ ತಿಳಿಯಬಹುದೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಇಂಥ ದಿನವೇ ಕೆರಳುವುದೆಂದು ಯಾರೂ ಹೇಳಲಾರರು, ಆದರೆ ಅಪಾಯ ಯಾರಿಗೆ ಹೆಚ್ಚು ಎಂಬುದನ್ನು ಸಾಕಷ್ಟು ಅಂದಾಜು ಮಾಡಬಹುದು. ಇಂದು ಅವರು ಎಷ್ಟು ಆರಾಮವಾಗಿದ್ದಾರೆ ಎನ್ನುವುದಕ್ಕಿಂತ, ಕಳೆದ 12 ತಿಂಗಳಲ್ಲಿ ಒಮ್ಮೆಯಾದರೂ ತೀವ್ರವಾಗಿ ಕೆರಳಿತ್ತೇ ಎನ್ನುವುದೇ ಇಲ್ಲಿ ಮುಖ್ಯ ಸೂಚನೆ. ಆ ಲೆಕ್ಕದಲ್ಲಿ ನಿಮ್ಮ ತಾಯಿಯವರು ಈಗಲೂ ಅಪಾಯದ ಗುಂಪಿನಲ್ಲೇ ಇದ್ದಾರೆ.

ಎರಡನೆಯ ಸೂಚನೆ ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ನೀಲಿ ಇನ್‌ಹೇಲರಿನ ಪ್ರತಿ ಡಬ್ಬಿಯ ಮೇಲೂ ಅದನ್ನು ತೆರೆದ ದಿನಾಂಕ ಬರೆದಿಡಿ. 200 ಬಾರಿ ಎಳೆದುಕೊಳ್ಳಬಹುದಾದ ಡಬ್ಬಿಗಳು ವರ್ಷಕ್ಕೆ 3 ಅಥವಾ ಹೆಚ್ಚು ಖಾಲಿಯಾದರೆ ಕೆರಳುವ ಸಂಭವ ಏರುತ್ತದೆ. 12 ಆದರೆ ಜೀವಕ್ಕೇ ಅಪಾಯ. ನೀಲಿ ಔಷಧವು ಬಿಗಿದ ಶ್ವಾಸನಾಳವನ್ನು ಕೆಲವು ತಾಸು ಸಡಿಲಿಸುತ್ತದೆಯೇ ಹೊರತು ಒಳಗಿನ ಉರಿಯೂತವನ್ನು ಇಳಿಸುವುದಿಲ್ಲ. ಅದನ್ನು ಇಳಿಸುವುದು ಅವರು ಬಿಟ್ಟಿರುವ ಸ್ಟೀರಾಯ್ಡ್ ಇನ್‌ಹೇಲರ್. ‘ಸ್ಟೀರಾಯ್ಡ್’ ಎಂಬ ಹೆಸರಿಗೇ ಹೆದರುವವರನ್ನು ನಮ್ಮೂರಿನಲ್ಲಿ ದಿನವೂ ಕಾಣುತ್ತೇನೆ. ಉಸಿರಿನ ಮೂಲಕ ಹೋಗುವ ಪ್ರಮಾಣ ಬಹಳ ಅಲ್ಪ, ಎಳೆದುಕೊಂಡ ಬಳಿಕ ಬಾಯಿ ಮುಕ್ಕಳಿಸಿದರೆ ತೊಂದರೆಯೂ ಕಡಿಮೆ. ಮಳೆ ಹಿಡಿಯುವ ಮೊದಲೇ ವೈದ್ಯರನ್ನು ಕಂಡು ಅದನ್ನು ಮತ್ತೆ ಆರಂಭಿಸಿ. ಎಳೆದುಕೊಳ್ಳುವ ಕ್ರಮವನ್ನೂ ಅವರೆದುರೇ ಮಾಡಿ ತೋರಿಸಲಿ. ಗೋಡೆಯ ಬೂಸಲು, ಬಚ್ಚಲೊಲೆಯ ಹೊಗೆ ಇವುಗಳಿಂದಲೂ ದೂರವಿರಲಿ.

ಉಸಿರನ್ನು ಎಷ್ಟು ರಭಸವಾಗಿ ಹೊರಗೆ ಊದಬಲ್ಲರೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಉಪಕರಣ ಮನೆಯಲ್ಲಿದ್ದರೆ ಒಳ್ಳೆಯದು. ಅವರು ಚೆನ್ನಾಗಿರುವಾಗ ಊದಿದ ಗರಿಷ್ಠ ಅಂಕಿ 350 ಎಂದಿಟ್ಟುಕೊಳ್ಳಿ. ಅದು 280ಕ್ಕಿಂತ, ಅಂದರೆ ಶೇ. 80ಕ್ಕಿಂತ ಇಳಿದರೆ ಎಚ್ಚರಿಕೆ ಬೇಕು. 175ಕ್ಕಿಂತ, ಅಂದರೆ ಅರ್ಧಕ್ಕಿಂತ ಇಳಿದರೆ ತುರ್ತು ಸ್ಥಿತಿ. ಶೀತ ಆರಂಭವಾದ ದಿನದಿಂದ ಬೆಳಿಗ್ಗೆ, ಸಂಜೆ ಊದಿಸಿ ಬರೆದಿಡಿ, ಏಕೆಂದರೆ ಉಬ್ಬಸ ಕೆರಳುವುದು ಹೆಚ್ಚಾಗಿ ವೈರಾಣುವಿನ ಶೀತದಿಂದಲೇ. ರಾತ್ರಿ ಕೆಮ್ಮಿನಿಂದ ಎಚ್ಚರವಾಗತೊಡಗಿದರೆ ಅಂದೇ ವೈದ್ಯರಿಗೆ ತಿಳಿಸಿ. ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸಲಾಗದಿದ್ದರೆ, ಅಥವಾ ನೀಲಿ ಇನ್‌ಹೇಲರಿಗೂ ಉಸಿರು ಹಗುರಾಗದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.