30 ಸಾವಿರದಲ್ಲಿ ಡೆಸ್ಕ್‌ಟಾಪ್: ರೆಡಿ ತಗೊಳ್ಳೋದಾ, ಜೋಡಿಸೋದಾ?

ನಿಮ್ಮ ಪ್ರಶ್ನೆ ಇಷ್ಟು: ಮಗಳು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಸೇರಿದ್ದಾಳೆ. ಕೈಯಲ್ಲಿ 30 ಸಾವಿರ ಇದೆ. ಮನೆಯಲ್ಲಿ ಹಳೇ ಕಂಪ್ಯೂಟರಿನ ಮಾನಿಟರ್ ಇನ್ನೂ ಚೆನ್ನಾಗಿದೆ. ಊರಿನ ಅಂಗಡಿಯವರು "ಐ7, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಎಲ್ಲ ಸೇರಿ 24 ಸಾವಿರ" ಅಂದಿದ್ದಾರೆ. ಅದನ್ನು ತಗೋಬೇಕಾ, ಇಲ್ಲ ಬಿಡಿ ಸಾಮಾನು ತಂದು ಜೋಡಿಸಬೇಕಾ?

ಮಾನಿಟರ್ ಇದೆ ಅಂದಿರಲ್ಲ, ಹಾಗಾದರೆ ಜೋಡಿಸಿ. ಮಾನಿಟರನ್ನೂ ಈ ದುಡ್ಡಲ್ಲೇ ಕೊಳ್ಳಬೇಕಿದ್ದರೆ ಬೇರೆ ದಾರಿ ಹೇಳುತ್ತಿದ್ದೆ. ಅದನ್ನೂ ಆಮೇಲೆ ಹೇಳುತ್ತೇನೆ. ಆದರೆ ಆ ಐ7 ಮಾತ್ರ, ಪೂರ್ತಿ ನಂಬರ್ ಕೇಳದೆ, ದಯವಿಟ್ಟು ತಗೋಬೇಡಿ.

ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮೆದುಳು. ಐ7 ಅನ್ನೋದು ಒಂದು ಪ್ರೊಸೆಸರಿನ ಹೆಸರಲ್ಲ, ಇಂಟೆಲ್ ಕಂಪನಿಯ ಒಂದು ಸಾಲಿನ ಹೆಸರು. ಆ ಸಾಲಿನಲ್ಲಿ ಹದಿನೈದು ವರ್ಷ ಹಳೆಯದೂ ಇದೆ, ಈಚಿನ ವರ್ಷಗಳದೂ ಇದೆ. ಐ7-2600 ಬಂದದ್ದು 2011ರಲ್ಲಿ. ಅದರಲ್ಲಿ ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3-12100ರಲ್ಲೂ ಅಷ್ಟೇ, ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಒಂದೊಂದು ಕೋರ್ ಮಾಡುವ ಕೆಲಸ ನೋಡಿದರೆ ಆ ಐ3 ಹಳೇ ಐ7ಗಿಂತ ಸುಮಾರು ಎರಡು ಪಟ್ಟು ಚುರುಕು. ನಂಬರ್ ಓದೋದು ಸುಲಭ. ಅಡ್ಡಗೆರೆಯ ನಂತರ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ತಲೆಮಾರು: 2600 ಅಂದರೆ ಎರಡನೇದು, 8500 ಅಂದರೆ ಎಂಟನೇದು. ಐದು ಅಂಕಿ ಇದ್ದರೆ ಮೊದಲ ಎರಡು: 12100 ಅಂದರೆ ಹನ್ನೆರಡನೇದು. ಹೊಸ ಕ್ಯಾಬಿನೆಟ್, ಬಣ್ಣದ ಲೈಟು, ಒಳಗೆ ಎರಡನೇ ಮೂರನೇ ತಲೆಮಾರಿನ ಹಳೇ ಪ್ರೊಸೆಸರ್, ಅದಕ್ಕೊಂದು ಹೆಸರಿಲ್ಲದ, ಆ ಕಾಲದ ಎಚ್61 ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್). 'ಐ7 ಡೆಸ್ಕ್‌ಟಾಪ್' ಅಂತ ಅಗ್ಗಕ್ಕೆ ಬರುವ ಸುಮಾರು ಪೆಟ್ಟಿಗೆಗಳ ಕಥೆ ಇದು. ಇಂಟೆಲ್‌ನಲ್ಲಿ ವಿಂಡೋಸ್ 11ಗೆ ಎಂಟನೇ ತಲೆಮಾರಾದರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮೂರು ವರ್ಷದ ಕೋರ್ಸಿಗೆ ಅಂಥ ಪೆಟ್ಟಿಗೆ ಕೊಟ್ಟರೆ ಮಗುವಿಗೆ ಮೊದಲ ದಿನದಿಂದಲೇ ತೊಂದರೆ.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾನಿರುವುದು ತುಮಕೂರಿನಲ್ಲಿ. 2019ರಲ್ಲಿ ಹೆಂಡತಿಯ ಟ್ಯಾಲಿ ಕೆಲಸಕ್ಕೆ ಅಂತ ಒಂದು ಅಂಗಡಿಯಿಂದ 22 ಸಾವಿರಕ್ಕೆ ರೆಡಿ ಪೆಟ್ಟಿಗೆ ತಂದೆ. ಒಂದು ವರ್ಷ ಚೆನ್ನಾಗಿಯೇ ಓಡಿತು. ಮರುವರ್ಷ ಮುಂಗಾರು ಶುರುವಾದ ವಾರ, ಸಂಜೆ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಮೂರನೇ ಸಲ ಬಂದಾಗ ಕ್ಯಾಬಿನೆಟ್ ಹಿಂದೆ ಪಟ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ, ಹೋಗಿತ್ತು. ಅದೊಂದೇ ಹೋಗಿದ್ದರೆ ಸಾವಿರದಲ್ಲಿ ಮುಗಿಯುತ್ತಿತ್ತು. ಜೊತೆಗೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ತಗೊಂಡು ಹೋಯಿತು. ಮೂರು ಅಂಗಡಿಗಳ ಆ ವರ್ಷದ ಲೆಕ್ಕವೆಲ್ಲ ಆ ಡಿಸ್ಕಿನಲ್ಲಿತ್ತು. ಅವಳು ರಾತ್ರಿ ಕೂತು ಬಿಲ್ಲುಗಳನ್ನು ಒಂದೊಂದಾಗಿ ಮತ್ತೆ ಹೊಡೆದಳು. ಅದನ್ನು ನೋಡಿ ನನಗೆ ತುಂಬ ಬೇಜಾರಾಗಿತ್ತು.

ಆಮೇಲೆ ಆ ಎಸ್‌ಎಂಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದೆ. ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ಮೇಲೆ '450 ವ್ಯಾಟ್' ಅಂತ ಚೀಟಿ. ಮುಚ್ಚಳ ತೆಗೆದು ನೋಡಿದರೆ ಬೋರ್ಡಿನಲ್ಲಿ ಅರ್ಧ ಜಾಗ ಖಾಲಿ. ಕರೆಂಟಿನ ಗದ್ದಲ ಸೋಸುವ ಸುರುಳಿ ಕೂರಬೇಕಾದ ಕಡೆ ಒಂದು ತಂತಿ ತುಂಡನ್ನು ಬೆಸುಗೆ ಹಾಕಿ ಬಿಟ್ಟಿದ್ದರು. ಒಳ್ಳೆ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಮಿತಿ ಮೀರಿದರೆ ತಾನೇ ಬಂದ್ ಆಗುವ ರಕ್ಷಣೆ ಇರುತ್ತದೆ. ಅದು ಇಲ್ಲದಿದ್ದರೆ ಸಾಯುವಾಗ ಪಕ್ಕದವರನ್ನೂ ಎಳೆದುಕೊಂಡು ಹೋಗುತ್ತದೆ. ಅಗ್ಗದ ರೆಡಿ ಪೆಟ್ಟಿಗೆಯಲ್ಲಿ ದುಡ್ಡು ಉಳಿಸೋದು ಇಂಥ ಕಣ್ಣಿಗೆ ಕಾಣದ ಕಡೆಯೇ. ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎಸ್‌ಎಂಪಿಎಸ್ ಯಾವುದು ಅಂತ ಯಾರೂ ಕೇಳಲ್ಲ.

ಜೋಡಿಸಿದರೆ ಅಗ್ಗವಾಗುತ್ತದೆ ಅಂತ ಸುಮಾರು ಜನ ಹೇಳುತ್ತಾರೆ. ಎಷ್ಟೋ ಸಲ ಅದು ನಿಜ ಅಲ್ಲ, ಖರ್ಚು ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಲಾಭ ಇರೋದು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅಂತ ನೀವೇ ತೀರ್ಮಾನ ಮಾಡಬಹುದು ಅನ್ನೋದರಲ್ಲಿ. ನಾಲ್ಕು ವರ್ಷದ ಮೇಲೆ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಬ್ರ್ಯಾಂಡೆಡ್ ಸಣ್ಣ ಪೆಟ್ಟಿಗೆಗಳಲ್ಲಿ ಬೋರ್ಡ್, ಪವರ್ ಸಪ್ಲೈ ಎಷ್ಟೋ ಸಲ ಆ ಕಂಪನಿಯದ್ದೇ ಅಳತೆಯವು. ಹೊರಗಿನ ಸಾಮಾನು ಕೂರಲ್ಲ.

2024ರಲ್ಲಿ ಅಕ್ಕನ ಮಗನಿಗೆ ಮಾಡಿಕೊಟ್ಟ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ. ಎಎಂಡಿ ಕಂಪನಿಯ ರೈಜೆನ್ 5 5600ಜಿ ಪ್ರೊಸೆಸರ್ 11,500, ಬೋರ್ಡ್ 4,800, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿ 3,400, 500 ಜಿಬಿ ಎನ್‌ವಿಎಂಇ (ಚುರುಕಾದ ಎಸ್‌ಎಸ್‌ಡಿ) 2,900, ಬ್ರಾಂಜ್ ದರ್ಜೆಯ (ಕರೆಂಟು ಕಮ್ಮಿ ಪೋಲು ಮಾಡುವ) ಎಸ್‌ಎಂಪಿಎಸ್ 2,800, ಕ್ಯಾಬಿನೆಟ್ 1,800, ಕೀಬೋರ್ಡ್ ಮೌಸ್ 700. ಒಟ್ಟು 27,900. ಆ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇದೆ, ಅದರ ಪ್ಯಾಕಿಂಗಿನಲ್ಲೇ ತಣ್ಣಗಿಡುವ ಕೂಲರ್ ಬರುತ್ತದೆ. ಆರು ಕೋರ್ ಇದೆ. ಡಿಪ್ಲೊಮಾದ ಸಿ, ಜಾವಾ, ಪೈಥಾನ್, ಡೇಟಾಬೇಸ್ ಎಲ್ಲಕ್ಕೂ ಧಾರಾಳ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡ. ಯಾರಾದರೂ ಹಳೇ ಎರಡು ಜಿಬಿ ಕಾರ್ಡನ್ನು ಸೇರಿಸಿ ಕೊಡಲು ಬಂದರೆ ಬೇಡ ಅನ್ನಿ.

ಈಗ ಆ ಪಟ್ಟಿ 30 ಸಾವಿರ ದಾಟುತ್ತದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿಗಟ್ಟಲೆ ಎಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು, ಎಸ್‌ಎಸ್‌ಡಿಯೂ ಹಿಂದೆಯೇ ಹೋಯಿತು. ನೀವಾದರೆ ಹೀಗೆ ಮಾಡಿ. ಈಗ 8 ಜಿಬಿಯ ಒಂದೇ ಕಡ್ಡಿ ಹಾಕಿ, ಎರಡನೇ ಜಾಗ ಖಾಲಿ ಬಿಡಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಎರಡು ಕಡ್ಡಿ ಇದ್ದರೆ ಅದಕ್ಕೆ ಚುರುಕು ಜಾಸ್ತಿ, ಆದರೆ ಕೋಡ್ ಬರೆಯಲು ಕಲಿಯುವಾಗ ಅದು ದೊಡ್ಡ ಮಾತಲ್ಲ. ಪ್ರೊಸೆಸರ್ ಐ3-12100 ಆದರೂ ಸಾಕು. ಕೊನೆಗೆ ಎಫ್ ಇರುವ 12100ಎಫ್ ಬೇಡ, ಅದರಲ್ಲಿ ಗ್ರಾಫಿಕ್ಸ್ ಇರಲ್ಲ, ಮಾನಿಟರ್ ಕಪ್ಪಗೇ ಇರುತ್ತದೆ.

ಇನ್ನೊಂದು ಉಳಿತಾಯ ನಿಮ್ಮ ಮನೆಯಲ್ಲೇ ಇದೆ. ಹಳೇ ಕಂಪ್ಯೂಟರಿನ ಕ್ಯಾಬಿನೆಟ್ ಎಸೆದಿಲ್ಲ ತಾನೇ? ಸ್ಕ್ರೂ ಕೂರುವ ಜಾಗದ ಅಳತೆಯನ್ನು ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಂತ ಗೊತ್ತು ಮಾಡಿತು. ಇವತ್ತಿನ ಮಾಮೂಲಿ ಬೋರ್ಡುಗಳೂ ಅದೇ ಲೆಕ್ಕದಲ್ಲಿ ಬರುತ್ತವೆ. ಹಳೇದು ಕಂಪನಿಯ ವಿಶೇಷ ಅಳತೆಯ ಪೆಟ್ಟಿಗೆ ಅಲ್ಲದಿದ್ದರೆ ಹೊಸ ಬೋರ್ಡ್ ಆರಾಮಾಗಿ ಕೂರುತ್ತದೆ. ಧೂಳು ಹೊಡೆದು ಬಳಸಿ. ಅದರೊಳಗಿನ ಹಳೇ ಎಸ್‌ಎಂಪಿಎಸ್ ಮಾತ್ರ ಬೇಡ. ಮಾನಿಟರಿಗೆ ನೀಲಿ ವಿಜಿಎ ಕೇಬಲ್ ಇದ್ದರೆ ವಿಜಿಎ ಕಿಂಡಿ ಇರುವ ಬೋರ್ಡನ್ನೇ ಕೇಳಿ. ಕಡಿಮೆ ಬೆಲೆಯ ಸುಮಾರು ಬೋರ್ಡುಗಳಲ್ಲಿ ಈಗಲೂ ಇದೆ.

ಉಳಿದ ದುಡ್ಡಿಗೆ ಯುಪಿಎಸ್ ತನ್ನಿ. 600 ವಿಎ ಸಾಕು. ಅದು ಹತ್ತು ನಿಮಿಷ ಹಿಡಿದರೂ ಸಾಕು, ಫೈಲ್ ಉಳಿಸಿ ಬಂದ್ ಮಾಡಲು ಅಷ್ಟೇ ಬೇಕಾಗಿರೋದು. ಅದಕ್ಕೂ ಮೊದಲು ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಿದ್ದರೆ ಅರ್ಥಿಂಗ್ ಇಲ್ಲ ಅಂತ ಅನುಮಾನ ಪಡಿ. "ಕಂಪ್ಯೂಟರ್ ಅಂದಮೇಲೆ ಸ್ವಲ್ಪ ಹೊಡೆಯುತ್ತೆ" ಅಂತ ಸುಮ್ನೆ ಬಿಡುವವರನ್ನು ನೋಡಿದ್ದೇನೆ. ಹೊಡೆಯಬಾರದು. ಮಗಳು ಕೂರುವ ಜಾಗ ಅದು.

ತರೋದು ಎಲ್ಲಿಂದ? ಬೆಂಗಳೂರಿಗೆ ಹೋಗಿಬರಲು ಆಗುತ್ತದಾದರೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಸಾಲು ಇರುವ ಎಸ್‌ಪಿ ರೋಡ್. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋದಲ್ಲಿ ಎರಡನೇ ಸ್ಟೇಷನ್ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡೆದೇ ಹೋಗಬಹುದು. ಭಾನುವಾರ ಬೇಡ, ವಾರದ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಹೋಗುವ ಮೊದಲು ಆನ್‌ಲೈನಿನಲ್ಲಿ ಒಂದೊಂದರ ಬೆಲೆ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ, ಪೂರ್ತಿ ಮಾಡೆಲ್ ನಂಬರ್ ಸಮೇತ. ಮೂರು ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ. ಕೇಳಬೇಕಾದ ಮಾತು ಒಂದೇ: "ಜಿಎಸ್‌ಟಿ ಸೇರಿ, ಬಿಲ್ ಸಮೇತ ಎಷ್ಟು?" ಈ ಸಾಮಾನುಗಳಿಗೆ 18 ಪರ್ಸೆಂಟ್ ತೆರಿಗೆ ಇದೆ, ಬಿಲ್ ಬೇಡ ಅಂದರೆ ಕಮ್ಮಿ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಪ್ರೊಸೆಸರಿಗೆ, ಬೋರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ. ಬಿಲ್ಲು, ಅದರ ಮೇಲೆ ಸೀರಿಯಲ್ ನಂಬರು ಇಲ್ಲದಿದ್ದರೆ ಆ ಮೂರು ವರ್ಷ ನಿಮ್ಮದಲ್ಲ. "ಅದು ಸ್ಟಾಕ್ ಇಲ್ಲ, ಇದು ಅದಕ್ಕಿಂತ ಚೆನ್ನಾಗಿದೆ" ಅಂದರೆ ಅಲ್ಲೇ ಒಪ್ಪದೆ ಪಕ್ಕದ ಅಂಗಡಿಗೆ ಹೋಗಿ.

ಅಂಗಡಿಯವರೇ ಜೋಡಿಸಿಕೊಡುತ್ತಾರೆ. ಆದರೂ ನನ್ನ ಮಾತು ಕೇಳುವುದಾದರೆ ಮಗಳೇ ಜೋಡಿಸಲಿ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಅಕ್ಕನ ಮಗ ಊಟದ ಟೇಬಲ್ ಮೇಲೆ ಪೇಪರ್ ಹಾಸಿ ಶುರು ಮಾಡಿದ. ರೈಜೆನ್ 5600ಜಿಯಲ್ಲಿ ಸೂಜಿಯಂಥ ಪಿನ್ನುಗಳು ಪ್ರೊಸೆಸರಿನ ಕೆಳಗೇ ಇರುತ್ತವೆ. ಮೂಲೆಯ ಚಿನ್ನದ ತ್ರಿಕೋನವನ್ನು ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿ, ಸನ್ನೆ ಮೇಲೆತ್ತಿ, ಹಾಗೇ ಇಟ್ಟರೆ ತಾನೇ ಇಳಿಯುತ್ತದೆ. ಒತ್ತಲೇಬಾರದು. ಅವನು ಉಸಿರು ಬಿಗಿ ಹಿಡಿದು ಇಟ್ಟ. ರ‍್ಯಾಮಿನದು ಇದಕ್ಕೆ ಉಲ್ಟಾ, ಗಟ್ಟಿಯಾಗಿ ಒತ್ತಬೇಕು. ಎಲ್ಲ ಮುಗಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಅವನ ಮುಖ ಬಿಳಚಿಕೊಂಡಿತು. ಪ್ಲಗ್ ತೆಗೆಸಿ, ರ‍್ಯಾಮ್ ಬಿಚ್ಚಿಸಿ ಮತ್ತೆ ಕೂರಿಸು ಅಂದೆ. ಒಂದು ಕಡ್ಡಿ ಅರ್ಧ ಮಾತ್ರ ಕೂತಿತ್ತು. ಈ ಸಲ ಟಕ್ ಅಂತ ಸದ್ದು ಕೇಳಿಸಿತು, ಪರದೆಯ ಮೇಲೆ ಅಕ್ಷರ ಬಂತು. ಮೊದಲ ಸಲ ಡಿಸ್‌ಪ್ಲೇ ಬರದಿದ್ದರೆ ಹತ್ತಕ್ಕೆ ಆರು ಸಲ ಕಾರಣ ಇಷ್ಟೇ ಅಂತ ನನ್ನ ಅನುಭವ. ಈಗ ಅವನ ಹಾಸ್ಟೆಲಿನಲ್ಲಿ ಯಾರ ಕಂಪ್ಯೂಟರ್ ನಿಂತರೂ ಅವನನ್ನೇ ಕರೆಯುತ್ತಾರಂತೆ.

ವಿಂಡೋಸ್ ಲೆಕ್ಕವನ್ನು ಮರೆಯಬೇಡಿ. ಬ್ರ್ಯಾಂಡೆಡ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಅದು ಸೇರಿರುತ್ತದೆ, ಜೋಡಿಸಿದ್ದಕ್ಕೆ ಬೇರೆ ಕೊಳ್ಳಬೇಕು, ಅಗ್ಗ ಅಲ್ಲ. ಮಗಳಿಗೆ ಉಬುಂಟು ಹಾಕಿಕೊಡಿ. ಪುಕ್ಕಟೆ, ಕನ್ನಡ ಟೈಪಿಂಗ್ ಕೂಡ ಅದರಲ್ಲಿದೆ. ಕಾಲೇಜಿನಲ್ಲಿ ವಿಂಡೋಸ್‌ನಲ್ಲೇ ಓಡುವ ಸಾಫ್ಟ್‌ವೇರ್ ಏನಾದರೂ ಕಡ್ಡಾಯವಾ ಅಂತ ಮೊದಲೇ ವಿಚಾರಿಸಿ.

ಮಾನಿಟರ್ ಇಲ್ಲದವರಿಗೆ ಒಂದು ಮಾತು ಅಂದಿದ್ದೆನಲ್ಲ. ಕೈಯಲ್ಲಿ 20 ಸಾವಿರ ಇದ್ದವರಿಗೂ ಇದೇ. ದೊಡ್ಡ ಕಂಪನಿಗಳ ಆಫೀಸುಗಳಿಂದ ಬರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಪೆಟ್ಟಿಗೆಗಳು ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತವೆ. ಐ5-8500 ಇರುವಂಥದ್ದು ನೋಡಿ. ಆರು ಕೋರ್ ಇದೆ, ವಿಂಡೋಸ್ 11 ಒಪ್ಪುತ್ತದೆ, ಅಸಲಿ ಲೈಸೆನ್ಸ್ ಎಷ್ಟೋ ಸಲ ಬೋರ್ಡಿನಲ್ಲೇ ಕೂತಿರುತ್ತದೆ. ರ‍್ಯಾಮ್ ಒಳಗೇ ಇರುವುದರಿಂದ ಈಗಿನ ಬೆಲೆಯಲ್ಲಿ ಅದೇ ದೊಡ್ಡ ಲಾಭ. ನನ್ನ ಪಕ್ಕದ ಮನೆಯ ಟೀಚರಿಗೆ ಕೊಡಿಸಿದ್ದು 15 ಸಾವಿರಕ್ಕೆ. ತಗೊಳ್ಳುವಾಗ ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದಾ ನೋಡಿ, ಕೇಳಿದರೆ ಬೇಡ. ತಾರೀಖು ಹಿಂದಕ್ಕೆ ಹೋಗಿದ್ದರೆ ಹೆದರಬೇಡಿ, ಬೋರ್ಡಿನ ಬಟನ್ ಸೆಲ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇವಕ್ಕೂ ಕಂಪನಿಯ ಅಳತೆಯ ಪವರ್ ಸಪ್ಲೈನೇ, ಆ ಮಿತಿ ಇದೆ. ಆದರೆ ಆ ಪವರ್ ಸಪ್ಲೈ ಗಟ್ಟಿ, ಅಗ್ಗದ ಚೀಟಿ ಅಂಟಿಸಿದ್ದಲ್ಲ.

ಹೊಸ ಬ್ರ್ಯಾಂಡೆಡ್ ಪೆಟ್ಟಿಗೆ ಯಾರಿಗೆ ಅಂದರೆ, ಊರಿಂದ ಸರ್ವಿಸ್ ಸೆಂಟರ್ ದೂರ ಇದ್ದು, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಬೇಕು ಅನ್ನುವವರಿಗೆ. ತಪ್ಪಲ್ಲ. ನಿಮ್ಮ ದುಡ್ಡಿಗೆ ಮಾತ್ರ ಅದರಲ್ಲಿ ಪ್ರೊಸೆಸರ್ ತುಂಬ ಸಣ್ಣದು ಸಿಗುತ್ತದೆ.

ನಾಳೆ ಆ ಅಂಗಡಿಗೆ ಹೋಗಿ ಐ7ರ ಪೂರ್ತಿ ನಂಬರು, ಬೋರ್ಡಿನ ಹೆಸರು, ಎಸ್‌ಎಂಪಿಎಸ್ ಹೆಸರು ಬರೆಸಿಕೊಂಡು ಬನ್ನಿ. ಅವರು ಬರೆದುಕೊಟ್ಟರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಹಳೇ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಒಂದು ಫೋಟೋನೂ ಹಾಕಿ. ಹೊಸ ಬೋರ್ಡ್ ಕೂರುತ್ತಾ ಇಲ್ಲವಾ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.