ಹುಂಜದ ಸ್ಲೈಡಿನಲ್ಲಿ ಏನನ್ನು ಹುಡುಕಬೇಕು?

ಪಶುವೈದ್ಯಕೀಯ ಓದುತ್ತಿರುವ ಒಬ್ಬರು ಹೀಗೆ ಬರೆದಿದ್ದಾರೆ: "ಹುಂಜದ ವೃಷಣದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೋರಿಯಲ್ಲಿ ಇರುವ ಹಾಗೆ ಎಪಿಡಿಡಿಮಿಸ್‌ನ ತಲೆ, ನಡು, ಬಾಲ ಎಲ್ಲೂ ಸಿಗಲಿಲ್ಲ. ಸ್ಲೈಡೇ ಸರಿಯಿಲ್ಲವೋ, ನನಗೇ ನೋಡಲು ಬರುವುದಿಲ್ಲವೋ?"

ಎರಡೂ ಅಲ್ಲ. ಎಪಿಡಿಡಿಮಿಸ್ ಅಂದರೆ ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಹೊರಗೆ ಸಾಗುವ ನಾಳಗಳ ಭಾಗ. ಹುಂಜದಲ್ಲಿ ಅದಕ್ಕೆ ಆ ಮೂರು ಭಾಗಗಳೇ ಇಲ್ಲ. ಹೋರಿ, ಟಗರಿನ ಚಿತ್ರ ತಲೆಯಲ್ಲಿಟ್ಟುಕೊಂಡು ಹಕ್ಕಿಯನ್ನು ನೋಡಿದರೆ ಬರೀ ಇಲ್ಲದ್ದೇ ಕಾಣುತ್ತದೆ, ಅಲ್ವಾ? ಇರುವುದನ್ನು ನೋಡೋಣ.

ಹುಂಜದ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡದ ಮುಂತುದಿಯ ಹತ್ತಿರ ಇರುತ್ತವೆ. ಅಲ್ಲಿಯ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ವೀರ್ಯಾಣು ಆ ಬಿಸಿಯಲ್ಲೇ ತಯಾರಾಗುತ್ತವೆ. ಹೊದಿಕೆ ತೆಳು. ಒಳಗೆ ಅಡ್ಡಗೋಡೆಗಳಿಲ್ಲ, ವೀರ್ಯಾಣು ಹುಟ್ಟುವ ನಾಳಗಳು ಒಂದಕ್ಕೊಂದು ಕೂಡಿಕೊಂಡು ಬಲೆಯ ಹಾಗೆ ಹಬ್ಬಿರುತ್ತವೆ.

ಈಗ ವೃಷಣದ ಒಳಬದಿಗೆ ಅಂಟಿಕೊಂಡ ಸಣ್ಣ ಪಟ್ಟಿಗೆ ಬನ್ನಿ. ಅದೇ ಎಪಿಡಿಡಿಮಿಸ್. ಅದರಲ್ಲಿ ಜಾಸ್ತಿ ಜಾಗ ಹಿಡಿದಿರುವುದು ವೃಷಣದಿಂದ ಹೊರಡುವ ಎಫರೆಂಟ್ ನಾಳಗಳು. ಒಳಗೋಡೆ ಮಡಿಕೆ ಮಡಿಕೆಯಾಗಿರುವುದರಿಂದ ನಡುವಿನ ಪೊಳ್ಳು ಅಂಕುಡೊಂಕಾಗಿ ಕಾಣುತ್ತದೆ. ಹೈ ಪವರ್‌ನಲ್ಲಿ ನೋಡಿ: ಕೆಲವು ಕೋಶಗಳಿಗೆ ಸಿಲಿಯಾ (ಕೂದಲಿನಂಥ ಸಣ್ಣ ಎಳೆಗಳು) ಇರುತ್ತವೆ, ಪಕ್ಕದವಕ್ಕೆ ಇರುವುದಿಲ್ಲ. ವೃಷಣದಿಂದ ಬಂದ ದ್ರವದ ಬಹುಪಾಲನ್ನು ಈ ನಾಳಗಳೇ ಹೀರಿಕೊಳ್ಳುತ್ತವೆ. ಮುಂದಿನ ಎಪಿಡಿಡಿಮಿಸ್ ನಾಳ ಚಿಕ್ಕದು, ಪೊಳ್ಳು ನುಣುಪು, ಸಿಲಿಯಾ ಇಲ್ಲ.

ಇಷ್ಟು ಚಿಕ್ಕದು ಸಾಕಾಗುವುದು ಹೇಗೆ? ನನಗೆ ತುಂಬ ಇಷ್ಟವಾದ ಸಂಗತಿ ಇದು. ಹೋರಿಯ ವೀರ್ಯಾಣು ಎಪಿಡಿಡಿಮಿಸ್‌ನ ಉದ್ದದ ನಾಳದಲ್ಲಿ ದಿನಗಟ್ಟಲೆ ಸಾಗುತ್ತಾ ಬಲಿಯಬೇಕು. ಹುಂಜದ್ದನ್ನು ವೃಷಣದಿಂದಲೇ ತೆಗೆದು ಹೇಂಟೆಯ ಅಂಡನಾಳದ ಮೇಲ್ಭಾಗಕ್ಕೆ ಹಾಕಿದರೂ ಮೊಟ್ಟೆ ಫಲಿಸುತ್ತದೆ. ಪ್ರಯೋಗ ಮಾಡಿ ತೋರಿಸಿದ ಮಾತು ಇದು. ಬಲಿಯಲು ಅಷ್ಟು ಉದ್ದದ ದಾರಿ ಹುಂಜಕ್ಕೆ ಬೇಕಿಲ್ಲ.

ವೀರ್ಯಾಣುವನ್ನು ಕೂಡಿಡುವ ಕೆಲಸ ಎಪಿಡಿಡಿಮಿಸ್‌ನಿಂದ ಮುಂದೆ ಸಾಗುವ ನಾಳವಾದ ಡಕ್ಟಸ್ ಡೆಫರೆನ್ಸ್‌ನದು. ಅದು ಮೂತ್ರನಾಳದ ಪಕ್ಕದಲ್ಲೇ ತಿರುಚಿಕೊಂಡು ಕ್ಲೊಯಾಕಾವರೆಗೆ (ಮಲ, ಮೂತ್ರ, ವೀರ್ಯ ಮೂರೂ ಬಂದು ಸೇರುವ ಜಾಗ) ಹೋಗುತ್ತದೆ. ಹೋರಿಯಲ್ಲಿ ವೀರ್ಯಕ್ಕೆ ದ್ರವ ಸೇರಿಸುವ ಪ್ರಾಸ್ಟೇಟ್ ಗ್ರಂಥಿಯನ್ನಾಗಲಿ ಸೆಮಿನಲ್ ವೆಸಿಕಲ್‌ಗಳನ್ನಾಗಲಿ ಹುಡುಕಬೇಡಿ, ಹಕ್ಕಿಗೆ ಅವಿಲ್ಲ.

ಮುಂದಿನ ಸಲ ಲೋ ಪವರ್‌ನಲ್ಲಿ ಶುರುಮಾಡಿ, ವೃಷಣದ ಅಂಚು ಹಿಡಿದು ಸಾಗಿ. ಹುಂಜದ ವಯಸ್ಸನ್ನೂ ಕೇಳಿಕೊಳ್ಳಿ. ಎಳೆ ಹುಂಜದ್ದಾದರೆ ನಾಳಗಳಲ್ಲಿ ವೀರ್ಯಾಣು ಸಿಗುವುದಿಲ್ಲ. ಬೆಳೆದ ಹುಂಜದ್ದಾದರೆ ಡಕ್ಟಸ್ ಡೆಫರೆನ್ಸ್ ತುಂಬ ದಾರದೆಳೆಯಂಥ ವೀರ್ಯಾಣು ಒತ್ತೊತ್ತಾಗಿ ಕಾಣುತ್ತವೆ.

— ಸಂಪಾದಕ