ಕ್ಯಾಂಪಿಗೆ ಬಿರಿಯಾನಿ ಒಯ್ಯುವ ಮೊದಲು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ದುಬೈಗೆ ಬಂದು ಇನ್ನೂ ಎರಡು ತಿಂಗಳು, ಇಲ್ಲಿ ಇದು ಮೊದಲ ರಂಜಾನ್, ನೀನು ರೋಜಾ ಹಿಡಿಯುವವನಲ್ಲ, ಆದರೂ ಏನಾದರೂ ಸೇವೆ ಮಾಡಬೇಕು ಅನ್ನಿಸಿದೆ. ಆಫೀಸಿನ ಕನ್ನಡದವರೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ದುಡ್ಡು ಒಟ್ಟು ಮಾಡಿ ಸೋನಾಪುರದ ಲೇಬರ್ ಕ್ಯಾಂಪಿಗೆ ಬಿರಿಯಾನಿ ಒಯ್ದು ಹಂಚಿದರೆ ಹೇಗೆ, ನಮ್ಮಂಥವರು ಹೋದರೆ ಯಾರಾದರೂ ತಪ್ಪು ತಿಳಿದುಕೊಳ್ಳುತ್ತಾರಾ, ಹಳೇ ಬಟ್ಟೆ ಕೊಡಬಹುದಾ ಅಂತ ಕೇಳಿದ್ದೀಯ. ದಾವಣಗೆರೆಯವನು ಅಂದೆ. ನಾನು ಭದ್ರಾವತಿಯವನು, ನಿನ್ನ ವಯಸ್ಸಿನ ಮಗ ಇದ್ದಾನೆ. ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ.

ಹಳೇ ಬಟ್ಟೆಯದು ಸುಲಭ. ರೆಡ್ ಕ್ರೆಸೆಂಟ್‌ನವರು, ಬೇರೆ ದತ್ತಿ ಸಂಸ್ಥೆಯವರು ರಸ್ತೆ ಬದಿಯಲ್ಲೇ ದೊಡ್ಡ ಡಬ್ಬಿ ಇಟ್ಟಿದ್ದಾರೆ. ಒಗೆದು, ಮಡಿಸಿ, ಚೀಲ ಕಟ್ಟಿ ಹಾಕು.

ರೋಜಾ ಹಿಡಿಯದವರು ಹೋಗಬಹುದಾ ಅನ್ನುವುದಕ್ಕೆ: ಧಾರಾಳವಾಗಿ. ಜೆಬೆಲ್ ಅಲಿಯ ಗುರುದ್ವಾರದವರೇ ರಂಜಾನಿನಲ್ಲಿ ಇಫ್ತಾರ್ ಇಟ್ಟಿದ್ದಾರೆ, ಇನ್ನು ನಿನ್ನನ್ನು ಯಾರು ಕೇಳಬೇಕು? ಹಂಚುವ ಹೊತ್ತಿನಲ್ಲಿ ಅವರೆದುರು ನೀರಿನ ಬಾಟಲಿ ಎತ್ತಬೇಡ, ಬಾಯಾರಿದರೆ ಕಾರಿಗೆ ಹೋಗಿ ಕುಡಿದು ಬಾ. ಇಷ್ಟೆಲ್ಲ ನಿನಗೆ ಹೇಳಬೇಕಿಲ್ಲ, ಊರಿನಲ್ಲಿ ಪಕ್ಕದ ಮನೆಯವರ ಜೊತೆ ಬೆಳೆದವನಿಗೆ ಗೊತ್ತಿರುತ್ತದೆ. ಸಮಯದ ಚಿಂತೆಯೂ ಬೇಡ. ರಂಜಾನಿನಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ ಅನ್ನುವ ನಿಯಮ ಖಾಸಗಿ ಕಂಪನಿಯ ಎಲ್ಲ ನೌಕರರಿಗೂ ಇದೆ, ರೋಜಾ ಇದ್ದವರಿಗೆ ಮಾತ್ರ ಅಲ್ಲ.

ಆದರೆ ಆ ವಾಟ್ಸಾಪ್ ಗ್ರೂಪು ಇದೆಯಲ್ಲ, ಅದನ್ನು ಇವತ್ತೇ ನಿಲ್ಲಿಸು. ನಮ್ಮ ಕಡೆ ಗಣಪತಿಗೋ ಉರುಸಿಗೋ ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತುವ ಹಾಗೆ ಇಲ್ಲಿ ಆಗುವುದಿಲ್ಲ. ಪರವಾನಗಿ ಇಲ್ಲದವರು ದೇಣಿಗೆ ಎತ್ತುವುದು ಈ ದೇಶದಲ್ಲಿ ಅಪರಾಧ. 2021ರಲ್ಲಿ ಅದಕ್ಕೆಂದೇ ಫೆಡರಲ್ ಕಾನೂನು ಬಂದಿದೆ. ಆನ್‌ಲೈನಿನಲ್ಲಿ ಎತ್ತಿದರೆ ಸೈಬರ್ ಕಾನೂನು ಬೇರೆ, ದಂಡ ಲಕ್ಷಗಟ್ಟಲೆ ದಿರ್ಹಮ್. 'ನಮ್ಮ ನಮ್ಮಲ್ಲೇ ಹತ್ತು ಜನ ಸರ್' ಅಂದರೆ ಯಾರೂ ಕೇಳುವುದಿಲ್ಲ. ನನಗೂ ಮೊದಮೊದಲು ಇದು ಅತಿಯಾಯಿತು ಅನ್ನಿಸಿತ್ತು. ಆದರೆ ರಂಜಾನ್ ಬಂದರೆ ಸಾಕು, ವಿಸಿಟ್ ವೀಸಾದಲ್ಲಿ ಬಂದು ಮಸೀದಿ ಬಾಗಿಲಲ್ಲಿ ಕೈ ಚಾಚುವ ಗುಂಪುಗಳು, ಸುಳ್ಳು ಆಸ್ಪತ್ರೆ ಬಿಲ್ಲು ಹಿಡಿದು ಫೋನಿನಲ್ಲಿ ಅಳುವವರು ಎಷ್ಟು ಜನ ಎದ್ದು ಬರುತ್ತಾರೆ ಅಂತ ನೋಡಿದ ಮೇಲೆ ಕಾನೂನು ಮಾಡಿದವರ ತಲೆ ಅರ್ಥವಾಯಿತು. ಭಿಕ್ಷೆಯ ವಿರುದ್ಧವೂ 2018ರಲ್ಲಿ ಕಾನೂನು ತಂದಿದ್ದಾರೆ.

ದಾರಿ ಇಲ್ಲವೇ ಅಂದರೆ ಇದೆ. ದಾರ್ ಅಲ್ ಬರ್, ಬೈತ್ ಅಲ್ ಖೈರ್, ಎಮಿರೇಟ್ಸ್ ರೆಡ್ ಕ್ರೆಸೆಂಟ್, ಇಂಥ ನೋಂದಾಯಿತ ಸಂಸ್ಥೆಗಳಿಗೆ ಒಬ್ಬೊಬ್ಬರೂ ಅವರವರ ಕಾರ್ಡಿನಿಂದ ನೇರವಾಗಿ ಇಫ್ತಾರ್ ಊಟದ ದುಡ್ಡು ಕಟ್ಟಬಹುದು. ಊಟ ಹಂಚುವುದಕ್ಕೂ ದುಬೈನಲ್ಲಿ ಇಸ್ಲಾಮಿಕ್ ವ್ಯವಹಾರಗಳ ಇಲಾಖೆಯ ಅನುಮತಿ ಬೇಕು, ಅದನ್ನು ಆ ಸಂಸ್ಥೆಯವರೇ ತೆಗೆದಿರುತ್ತಾರೆ. ಕೈಯಾರೆ ಕೆಲಸ ಮಾಡಬೇಕು ಅಂತಿದ್ದರೆ ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ಗುರುತಿನ ಚೀಟಿ, ಬಂದ ಕೂಡಲೇ ಸರ್ಕಾರದ ಸ್ವಯಂಸೇವಕರ ವೆಬ್‌ಸೈಟಿನಲ್ಲಿ ಹೆಸರು ಬರೆಸು. ಡಬ್ಬಿ ತುಂಬುವ ಕೆಲಸ, ಮಸೀದಿಯ ಟೆಂಟಿನಲ್ಲಿ ಬಡಿಸುವ ಕೆಲಸ, ಸಂಜೆ ಸಿಗ್ನಲ್ಲಿನಲ್ಲಿ ನಿಂತು ಕಾರಿನವರಿಗೆ ಖರ್ಜೂರ ನೀರು ಕೊಡುವ ಕೆಲಸ, ಯಾವುದಾದರೂ ಸಿಗುತ್ತದೆ. ಸಿಗ್ನಲ್ಲಿನ ಕೆಲಸವನ್ನು ಹಗುರವಾಗಿ ಕಾಣಬೇಡ. ಮಗ್ರಿಬ್‌ಗೆ, ಅಂದರೆ ರೋಜಾ ಬಿಡುವ ಸಂಜೆಯ ನಮಾಜಿಗೆ, ಹತ್ತು ನಿಮಿಷ ಇರುವಾಗ ಹಸಿದ ಮನುಷ್ಯ ಮನೆ ಮುಟ್ಟಲು ಹೇಗೆ ಗಾಡಿ ಓಡಿಸುತ್ತಾನೆ ಅಂತ ಶೇಖ್ ಜಾಯೆದ್ ರಸ್ತೆಯಲ್ಲಿ ಒಂದು ಸಂಜೆ ನೋಡಿದರೆ ಗೊತ್ತಾಗುತ್ತದೆ.

ನಾನು ಬಂದದ್ದು 2001ರ ನವೆಂಬರಿನಲ್ಲಿ, ರಂಜಾನ್ ನಡೆಯುತ್ತಿತ್ತು. ದುಬೈನ ದೇರಾದ ನಾಯಿಫ್‌ನಲ್ಲಿ ಬೆಡ್ ಸ್ಪೇಸು, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, ಸಂಬಳಕ್ಕೆ ಇನ್ನೂ ತಿಂಗಳು ಕಾಯಬೇಕು, ಜೇಬಿನಲ್ಲಿದ್ದದ್ದು ಬಸ್ಸಿಗೆ ಸರಿ. ಮಸೀದಿ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಜನಕ್ಕೊಂದು ತಟ್ಟೆಯಂತೆ ಅನ್ನ ಮಾಂಸ ಇಡುತ್ತಿದ್ದರು, ಜೊತೆಗೆ ಖರ್ಜೂರ, ಲಬಾನ್ ಅನ್ನುವ ಮಜ್ಜಿಗೆ, ಒಂದು ಕಿತ್ತಳೆ. ಮೊದಲ ದಿನ ನಾಚಿಕೊಂಡು ತಟ್ಟೆಯ ಅಂಚಿನ ಅನ್ನವನ್ನಷ್ಟೇ ತಿನ್ನುತ್ತಿದ್ದೆ. ಪಕ್ಕ ಕೂತಿದ್ದ ಪಠಾಣ ಡ್ರೈವರ್ ಒಂದು ಮಾತೂ ಆಡದೆ ಮಾಂಸದ ತುಂಡುಗಳನ್ನು ಬೆರಳಿನಿಂದ ನನ್ನ ಕಡೆಗೆ ನೂಕುತ್ತಾ ಹೋದ. ಯಾರು, ಯಾವ ಊರು, ರೋಜಾ ಇದ್ದೀಯಾ, ಒಂದನ್ನೂ ಕೇಳಲಿಲ್ಲ. ನಾಳೆ ಬಾ ಅಂತಲೂ ಅನ್ನಲಿಲ್ಲ. ಹೋದೆ, ಹಬ್ಬದವರೆಗೂ ಹೋದೆ. ಊರಿನ ಗಂಜಿ, ಅಮ್ಮ ಕರಿದ ಸಮೋಸ ನೆನಪಾಗಿ ಗಂಟಲು ಕಟ್ಟುತ್ತಿದ್ದದ್ದು ನಿಜ, ಆದರೆ ಅಲ್ಲಿ ಕೂತು ಉಂಡದ್ದಕ್ಕೆ ತಲೆ ತಗ್ಗಿಸಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ.

ಈಗ ನೀನು ಕೇಳದೇ ಇದ್ದದ್ದನ್ನು ಹೇಳುತ್ತೇನೆ. 2015ರಲ್ಲಿ ರಂಜಾನ್ ಜೂನ್ 18ಕ್ಕೆ ಶುರುವಾಗಿತ್ತು, ಬಿಸಿಲಿನ ನಡುಮಧ್ಯೆ. ಮಗ್ರಿಬ್ ಆಗುವಾಗ ಏಳು ದಾಟುತ್ತಿತ್ತು. ಶಾರ್ಜಾದ ಸಜಾ ಕಡೆಯ ಒಂದು ಕ್ಯಾಂಪಿಗೆ ಡಬ್ಬಿ ಹಂಚಲು ಒಂದು ಗುಂಪಿನ ಜೊತೆ ನಾನೂ ಹೋಗುತ್ತಿದ್ದೆ. ಅನುಮತಿ, ಊಟ ಎಲ್ಲ ಸರಿಯಾಗಿಯೇ ಇತ್ತು. ಒಂದು ಸಂಜೆ ಗುಂಪಿನವರೊಬ್ಬರು ಬ್ಯಾನರ್ ತಂದರು. ಕೆಲಸದಿಂದ ಬಂದು ಸ್ನಾನಕ್ಕೆ ಸರದಿ ಕಾಯುತ್ತಿದ್ದವರನ್ನು ಕರೆದು, ಡಬ್ಬಿ ಕೈಗೆ ಕೊಟ್ಟು, ಬ್ಯಾನರಿನ ಹಿಂದೆ ಸಾಲಾಗಿ ನಿಲ್ಲಿಸಿದರು. ಗೋಡೆ ಬದಿಗಿದ್ದ ಒಬ್ಬ ಹುಡುಗ ಟವೆಲ್ಲನ್ನು ಮುಖದ ತನಕ ಎಳೆದುಕೊಂಡಿದ್ದ. ಟೈಲ್ಸ್ ಕೆಲಸದವನು, ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಸಿಮೆಂಟ್ ಹಾಗೇ ಕೂತಿತ್ತು. ನಾನು ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದ. 'ಫೋಟೋ ಬ್ಯಾಡ್ರೀ ಅಣ್ಣಾ. ಊರಾಗ ನಾ ಸೂಪರ್‌ವೈಸರ್ ಅದೀನಿ ಅಂತ ಹೇಳೀನಿ.' ಸೇಡಂ ಕಡೆಯವನು.

ಫೋಟೋ ತೆಗೆಯುತ್ತಿದ್ದವರಿಗೆ ಹೋಗಿ ಹೇಳಿದೆ. 'ಮುಖ ಬಿದ್ದಿಲ್ಲ ಬಿಡಿ' ಅಂದರು. ಬಿದ್ದಿತ್ತು. ಫೇಸ್‌ಬುಕ್ಕಿಗೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ, ಹೇಗೋ ಅವನ ಊರಿನ ಯಾರದೋ ಮೊಬೈಲಿಗೂ ತಲುಪಿತು. ಮುಂದಿನ ವಾರ ನಾವು ಹೋದಾಗ ಅವನು ಸಾಲಿಗೆ ಬರಲಿಲ್ಲ. ರೂಮಿಗೆ ಹೋಗಿ ಕರೆದೆ. ಮೇಲಿನ ಬಂಕಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದವನು ಹಸಿವಿಲ್ಲ ಅಂದ. ಬೆಳಗಿನಿಂದ ರೋಜಾ ಇದ್ದವನು. 'ಅಪ್ಪ ಫೋನ್ ಮಾಡಿದ್ದ, ಅಲ್ಲಿ ಊಟಕ್ಕ ನಿಂತಿಯೇನೋ ಅಂತ ಕೇಳಿದ' ಅಂತ ಅವನ ರೂಮ್‌ಮೇಟ್ ಆಮೇಲೆ ನನಗೆ ಹೇಳಿದ. ಹಬ್ಬಕ್ಕೂ ಮೊದಲೇ ಅವನನ್ನು ಬೇರೆ ಸೈಟಿಗೆ ಹಾಕಿದರು. ನಂಬರು ಇಸಿದುಕೊಂಡಿರಲಿಲ್ಲ. ಹನ್ನೆರಡು ನೂರೋ ಹದಿಮೂರು ನೂರೋ ದಿರ್ಹಮ್ ಸಂಬಳದಲ್ಲಿ ಮನೆ ನಡೆಸುತ್ತಿದ್ದ ಹುಡುಗನಿಗೆ ಊರಿನಲ್ಲಿದ್ದ ಒಂದೇ ಆಸ್ತಿ ಆ ಸುಳ್ಳು. ಅದನ್ನೂ ಒಂದು ಡಬ್ಬಿ ಬಿರಿಯಾನಿಯ ಲೆಕ್ಕಕ್ಕೆ ಕಿತ್ತುಕೊಂಡ ಹಾಗಾಯಿತು. ಇವತ್ತಿಗೂ ಇಫ್ತಾರ್ ಫೋಟೋ ಯಾರಾದರೂ ಕಳಿಸಿದರೆ ನಾನು ಮೊದಲು ಹುಡುಕುವುದು ಅಂಚಿನಲ್ಲಿ ನಿಂತವರ ಮುಖ.

ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಹಾಕುವುದು ಇಲ್ಲಿ ಕಾನೂನಿನ ಪ್ರಕಾರವೂ ಅಪರಾಧ. ಆದರೆ ನಾನು ಕಾನೂನಿಗಾಗಿ ಹೇಳುತ್ತಿಲ್ಲ. ಹಂಚುವಾಗ ಫೋನು ಕಾರಿನಲ್ಲಿ ಬಿಟ್ಟು ಹೋಗು. ನಿನ್ನ ಆಫೀಸಿನವರು 'ದುಡ್ಡು ಕೊಟ್ಟಿದ್ದೀವಿ, ಫೋಟೋ ಇಲ್ವಾ' ಅಂದರೆ, ಡಬ್ಬಿಗಳದ್ದು ತೆಗೆದು ಕಳಿಸು, ಸಾಕು.

ಊಟದ ವಿಷಯ ಇನ್ನೊಂದು. ಮೊದಲ ವಾರ ರಸ್ತೆ ಬದಿಯ ಕ್ಯಾಂಪುಗಳ ಮುಂದೆ ಕಾರುಗಳೇ ಕಾರು. ಒಬ್ಬೊಬ್ಬರ ಮಂಚದ ಕೆಳಗೆ ಮೂರು ಡಬ್ಬಿ. ಕೊನೆಯ ಹತ್ತು ದಿನ ಮತ್ತೆ ಅದೇ ಜಾತ್ರೆ. ರಂಜಾನ್ 19, ಅಂದರೆ ಈ ದೇಶ ಕಟ್ಟಿದ ಶೇಖ್ ಜಾಯೆದ್ ತೀರಿಕೊಂಡ ದಿನ, ಮಾನವೀಯ ಸೇವಾ ದಿನ ಅಂತ ಕಂಪನಿಯವರೆಲ್ಲ ಬರುತ್ತಾರೆ. ನಡುವಿನ ದಿನಗಳಲ್ಲಿ, ಒಳಗಿನ ಮಣ್ಣು ರಸ್ತೆಯ ಕ್ಯಾಂಪುಗಳಿಗೆ ಹೋಗುವವರು ಕಡಿಮೆ. ನಿನ್ನನ್ನು ಎಲ್ಲಿಗೆ ಹಾಕಲಿ ಅಂತ ಸಂಸ್ಥೆಯವರು ಕೇಳಿದರೆ ಆ ದಿನಗಳನ್ನು, ಆ ಜಾಗಗಳನ್ನು ಕೇಳಿ ತೆಗೆದುಕೋ. ಅಲ್ಲಿ ನೇಪಾಳದವರು, ಬಿಹಾರದವರು, ತೆಲಂಗಾಣದವರು ಎಲ್ಲ ಇರುತ್ತಾರೆ, ರೋಜಾ ಇಲ್ಲದವರೂ ಸಾಲಿಗೆ ಬರುತ್ತಾರೆ. ಕೊಡು. ಯಾವ ಮಸೀದಿಯವರೂ ಲೆಕ್ಕ ಕೇಳುವುದಿಲ್ಲ, ನೀನೂ ಕೇಳಬೇಡ.

ಹಂಚಿ ಆದ ಮೇಲೆ ಓಡಿ ಬರಬೇಡ. ಊಟ ಮುಗಿದು ತರಾವೀಹ್‌ಗೆ, ಅಂದರೆ ರಂಜಾನಿನ ರಾತ್ರಿ ನಮಾಜಿಗೆ, ಹೊರಡುವ ತನಕ ಅವರಿಗೆ ಸ್ವಲ್ಪ ಬಿಡುವು ಇರುತ್ತದೆ. ಕನ್ನಡದಲ್ಲಿ ಮಾತಾಡಿಸಿದರೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಯಾರಾದರೂ ಎದ್ದು ಬರುತ್ತಾರೆ, ನಿಧಾನಕ್ಕೆ ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆಯುತ್ತಾರೆ. ಕಾಂಟ್ರಾಕ್ಟಿನಲ್ಲಿ ಬರೆದ ಸಂಬಳಕ್ಕೂ ಬ್ಯಾಂಕಿಗೆ ಬಂದದ್ದಕ್ಕೂ ಯಾಕೆ ತಾಳೆಯಾಗುತ್ತಿಲ್ಲ, ಪಾಸ್‌ಪೋರ್ಟ್ ಕಂಪನಿಯವರು ಇಟ್ಟುಕೊಂಡಿದ್ದಾರೆ ಸರಿಯಾ, ಇಂಥವು. ಸರಿಯಲ್ಲ, ಇಲ್ಲಿನ ಕಾನೂನಿನಲ್ಲಿ ಪಾಸ್‌ಪೋರ್ಟ್ ಅವರವರ ಕೈಯಲ್ಲೇ ಇರಬೇಕು. ಓದಿ ಹೇಳು. ನಾನು ಮಾಡಿಸಿಕೊಡುತ್ತೇನೆ ಅಂತ ಮಾತು ಕೊಡಬೇಡ, ನೀನೂ ಹೊಸಬ. ಕಾರ್ಮಿಕ ಸಚಿವಾಲಯದ ಆ್ಯಪಿನಲ್ಲಿ ದೂರು ಹಾಕಬಹುದು, ಭಾರತದ ಕಾನ್ಸುಲೇಟಿನವರ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಅಲ್ಲಿ ಉಚಿತವಾಗಿ ಸಲಹೆ ಕೊಡುತ್ತಾರೆ. ಆ ಎರಡು ನಂಬರು ಚೀಟಿಯಲ್ಲಿ ಬರೆದುಕೊಂಡು ಹೋಗು. ನನ್ನ ಲೆಕ್ಕದಲ್ಲಿ ಒಂದು ಕ್ಯಾಂಪಿಗೆ ಬಿರಿಯಾನಿ ಒಯ್ಯುವವರು ನೂರು ಜನ ಸಿಗುತ್ತಾರೆ, ಕಾಗದ ಓದಿ ಹೇಳುವ ಕನ್ನಡದವನು ಒಬ್ಬನೂ ಇರುವುದಿಲ್ಲ.

ಹಬ್ಬ ಆದ ಮೇಲೂ ಒಮ್ಮೆ ಹೋಗು. ಆಗ ಅಲ್ಲಿ ಕಾರೂ ಇರುವುದಿಲ್ಲ, ಡಬ್ಬಿಯೂ ಇರುವುದಿಲ್ಲ, ಮಾತಾಡಲು ಹೊತ್ತಿರುತ್ತದೆ.

ಮೊದಲು ಹೆಸರು ಬರೆಸು, ಅನುಮತಿಯ ವಿಷಯದಲ್ಲಿ ಅನುಮಾನ ಬಂದರೆ ಮತ್ತೆ ಕೇಳು. ನಡುವೆ ಒಂದು ಶುಕ್ರವಾರ ಇಫ್ತಾರಿಗೆ ಶಾರ್ಜಾಕ್ಕೆ ನಮ್ಮ ಮನೆಗೆ ಬಾ. ನಮ್ಮ ಮನೆಯವರು ಗಂಜಿ ಮಾಡುತ್ತಾರೆ, ಭದ್ರಾವತಿಯಲ್ಲಿ ಮಾಡಿದ ಹಾಗೇ. ಅಸರ್ (ಮಧ್ಯಾಹ್ನದ ನಂತರದ ನಮಾಜು) ಆದ ಕೂಡಲೇ ಹೊರಡು, ಆಮೇಲೆ ಹೊರಟರೆ ದುಬೈ–ಶಾರ್ಜಾ ರಸ್ತೆಯಲ್ಲೇ ರೋಜಾ ಬಿಡುವ ಬಾಂಗ್ ಕೇಳಬೇಕಾಗುತ್ತದೆ.